ಕಾಕಾ ಇಳಿಸಿದ ಪೈಪು

ಕೊಲೋನ್, ಏಪ್ರಿಲ್ 12

ತೀರ್ಥರೂಪ ಅಪ್ಪನವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ. ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ, ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆಂದು ಅವ್ವನಿಗೆ ಹೇಳಿರಿ.

ನಿಮ್ಮ ಪತ್ರ ಬಂದಾಗಿನಿಂದ ನಿದ್ದೆ ಇಲ್ಲ. ವರದಾ ಹೊಳೆಯ ಮಡುವಿನಲ್ಲಿ ಕಾಕಾ ತಮ್ಮ ಪಂಪಿನ ಪೈಪನ್ನು ನಮ್ಮ ಪೈಪಿನ ತುದಿಯ ಫುಟ್‌ವಾಲ್ವಿಗಿಂತ ಆಳಕ್ಕೆ ಇಳಿಸಿದರೆಂದು ನೀವು ವಕೀಲರ ಮನೆ ಮೆಟ್ಟಿಲು ಹತ್ತಿದ್ದೀರಿ, ಐವತ್ತು ಸಾವಿರ ಕೇಳಿದ್ದೀರಿ. ಆದರೆ ಬಿ.ಪಿ. ಎಷ್ಟಿದೆ ಎಂಬುದನ್ನು ಬರೆದೇ ಇಲ್ಲ. ತಂಗಿ ಫೋನಿನಲ್ಲಿ ಹೇಳಿದಳು, 170 ಅಂತೆ. ಗುಳಿಗೆ ತಪ್ಪಿಸಿ ಬಾಂದಾರದ ಮೇಲೆ ನಿಂತು ಕೂಗಾಡಿದಿರಂತೆ!

ಇಲ್ಲಿ ಸಂಜೆ ಜರ್ಮನ್ ತರಗತಿಗೆ ಹೋಗುತ್ತೇನೆ. ಮೊನ್ನೆ ಹೊಳೆಯ ಮಾತುಗಳ ಪಾಠವಿತ್ತು. ಇವರಿಗೆ ರೈನ್ ನದಿ ಗಂಡು, ‘ಅಪ್ಪ ರೈನ್’ ಎಂದೇ ಕರೆಯುತ್ತಾರೆ. ನಮ್ಮಲ್ಲಿ ಹೊಳೆಯೆಂದರೆ ಅವ್ವ ಎಂದೆ, ಟೀಚರ್ ಬರೆದುಕೊಂಡರು. ದೊಡ್ಡ ನದಿಗೆ ‘ಶ್ಟ್ರೋಮ್’ ಎನ್ನುತ್ತಾರೆ, ಕರೆಂಟಿಗೂ ಅದೇ ಪದ. ನಮ್ಮ ಹೊಲದಲ್ಲಿ ಒಂದು ಶ್ಟ್ರೋಮ್ ಇದ್ದಾಗ ಇನ್ನೊಂದು ಇರುವುದಿಲ್ಲ ಎಂದೆ, ತರಗತಿಯೆಲ್ಲ ನಕ್ಕಿತು. ಕೆಲಸ ಕೆಟ್ಟರೆ ನಾವು ‘ಹಳ್ಳ ಹಿಡಿಯಿತು’ ಎನ್ನುತ್ತೇವಲ್ಲ, ಇವರೂ ‘ಹಳ್ಳದಲ್ಲಿ ಹರಿದುಹೋಯಿತು’ ಎನ್ನುತ್ತಾರೆ.

ಆಮೇಲೆ ‘ರಿವಾಲೆ’ ಎಂಬ ಪದ ಬಂತು. ಪ್ರತಿಸ್ಪರ್ಧಿ, ಇಂಗ್ಲಿಷಿನ ರೈವಲ್. ಎರಡೂ ಬಂದಿರುವುದು ಲ್ಯಾಟಿನ್ನಿನ ‘ರಿವಾಲಿಸ್’ನಿಂದ. ‘ರಿವುಸ್’ ಎಂದರೆ ಹಳ್ಳ, ಕಾಲುವೆ. ಒಂದೇ ಕಾಲುವೆಯಿಂದ ಹೊಲಕ್ಕೆ ನೀರು ತಿರುಗಿಸಿಕೊಳ್ಳುವವನೇ ರಿವಾಲಿಸ್. ರೋಮನ್ನರ ಕಾನೂನಿನಲ್ಲೇ ಆ ಅರ್ಥದಲ್ಲಿ ಬಂದಿದೆ. ನೀರಿನ ಪಾಲುದಾರ ಹೋಗಿ ವೈರಿಯಾದ. ನಮ್ಮ ‘ದಾಯಾದಿ’ಯೂ ಮೊದಲು ಪಾಲಿನ ಹಕ್ಕುದಾರ ಅಷ್ಟೇ ಅಲ್ಲವೇ? ಮುಂದೆ ಪಾಠ ಕಿವಿಗೆ ಬೀಳಲಿಲ್ಲ. ಅದೇ ಮಡುವಿನಲ್ಲಿ ನನ್ನ ಬೆನ್ನಿಗೆ ಸೋರೆಬುರುಡೆ ಕಟ್ಟಿ ನೀರಿಗೆ ತಳ್ಳಿದ ಕಾಕಾ ಕಣ್ಣ ಮುಂದೆ ಬಂದರು. ದಂಡೆಯ ಮೇಲೆ ನಿಂತು ನಗುತ್ತಿದ್ದವರು ನೀವು.

ಧಾರವಾಡದ ಹೈಕೋರ್ಟ್ ಪೀಠದವರೆಗೂ ಹೋಗುತ್ತೇನೆಂದು ಬರೆದಿದ್ದೀರಿ. ತಡವಾಗುವ ಕೆಲಸಕ್ಕೆ ಇಲ್ಲಿನವರು ‘ಅಷ್ಟರಲ್ಲಿ ರೈನ್‌ನಲ್ಲಿ ಇನ್ನೂ ಬಹಳ ನೀರು ಹರಿದುಹೋಗುತ್ತದೆ’ ಎನ್ನುತ್ತಾರೆ. ವರದೆಯಲ್ಲಿ ಈಗ ಹರಿಯಲು ನೀರೆಲ್ಲಿದೆ?

ಇಲ್ಲಿ ಹೊಳೆಯ ದಂಡೆಯಲ್ಲೊಂದು ಗೋಪುರವಿದೆ, ಮೇಲೆ ಗಡಿಯಾರ. ಬಂದ ಹೊಸದರಲ್ಲಿ ಅದನ್ನು ನೋಡಿ ನನ್ನ ವಾಚು ತಿದ್ದಿಕೊಂಡಿದ್ದೆ! ಅದರ ಮುಳ್ಳುಗಳು ತೋರಿಸುವುದು ನೀರಿನ ಮಟ್ಟವನ್ನು. 1995ರ ನೆರೆಯಲ್ಲಿ 10.69 ಮೀಟರ್ ಏರಿತ್ತಂತೆ. ‘ಹೊಳೆಗೆ ಸುರಿದರೂ ಅಳೆದು ಸುರಿ’ ಎನ್ನುತ್ತಿದ್ದ ಅಜ್ಜಿ ಇದನ್ನು ನೋಡಬೇಕಿತ್ತು. ನೀವೂ ಕಾಕಾನೂ ಗಂಟೆ ಲೆಕ್ಕದಲ್ಲಿ ಪಾಳಿ ಹಚ್ಚಿಕೊಳ್ಳಿರಿ. ಇಪ್ಪತ್ತೈದು ಸಾವಿರ ಕಳಿಸಿದ್ದೇನೆ, ಅದು ಪೈಪಿಗೆ. ವಕೀಲರಿಗೆ ಕೊಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ನನ್ನ ಚಿಂತೆ ಬೇಡ. ನಾನು ಆರಾಮ, ಊಟ ಆರಾಮ, ಕೆಲಸವೂ ಆರಾಮ. ಜೋಳದ ಹಿಟ್ಟು ಸಹ ಸಿಗುತ್ತದೆ, ರೊಟ್ಟಿ ಮಾತ್ರ ಹರಿಯುತ್ತದೆ. ಟ್ರಾಮ್ ಬಂತು. ಗುಳಿಗೆ ತಪ್ಪಿಸಬೇಡಿರಿ. ಚಿಗವ್ವನಿಗೆ ನಮಸ್ಕಾರ ತಿಳಿಸಿರಿ, ನೀವೇ ಹೋಗಿ ತಿಳಿಸಿರಿ.

ನಿಮ್ಮ ಮಗ,
ಬಸು