ಈ ಹಳೇ ರೇಸ್ ಸಿನಿಮಾ ಒಂದ್ಸಲ ನೋಡು ಕಣೋ

ಗೆಳೆಯಾ,

ರೇಸ್ ಸಿನಿಮಾ ಅಂದ್ರೆ ನಿನಗೆ ದೊಡ್ಡ ಬಜೆಟ್ಟಿನದೇ ಆಗಬೇಕು, ಗೊತ್ತು. ಆದರೂ ಈ ಸಲ ನನ್ನ ಮಾತು ಕೇಳು. 'ಮಾಸ್ಕ್ ಆಫ್ ಡಸ್ಟ್' ಅಂತ ಒಂದು ಬ್ರಿಟಿಷ್ ಸಿನಿಮಾ ಇದೆ, 1954ರದ್ದು. ಅಮೆರಿಕದಲ್ಲಿ 'ರೇಸ್ ಫಾರ್ ಲೈಫ್' ಅನ್ನೋ ಹೆಸರಲ್ಲಿ ಬಂತು. ಕಪ್ಪು ಬಿಳುಪು, ಒಂದೂಕಾಲು ಗಂಟೆ ಆಸುಪಾಸು, ಅಷ್ಟೇ. ತೆಗೆದದ್ದು ಹ್ಯಾಮರ್ ಕಂಪನಿ. ನಿರ್ದೇಶಕ ಟೆರೆನ್ಸ್ ಫಿಶರ್, ಮುಂದೆ ಇದೇ ಹ್ಯಾಮರ್‌ಗೆ ಫ್ರಾಂಕೆನ್‌ಸ್ಟೈನ್, ಡ್ರಾಕುಲಾ ಸಿನಿಮಾ ಮಾಡಿ ಹೆಸರಾದವನು.

ಆಗ ಹ್ಯಾಮರ್ ಕೈಯಲ್ಲಿ ದುಡ್ಡು ಕಮ್ಮಿ. ಅಮೆರಿಕದಲ್ಲೂ ಸಿನಿಮಾ ಓಡಬೇಕು ಅಂತ ಅಲ್ಲಿಂದಲೇ ಒಬ್ಬ ನಟನನ್ನು ಕರೆಸುತ್ತಿದ್ದರು. ಇದರಲ್ಲಿ ಬಂದವನು ರಿಚರ್ಡ್ ಕಾಂಟೆ. ಗಾಡ್‌ಫಾದರ್‌ನ ಬಾರ್ಜಿನಿ ನೆನಪಿದ್ದಾನಲ್ಲ, ಅವನೇ. ಇಲ್ಲಿ ಅವನು ಪೀಟರ್ ವೆಲ್ಸ್. ಎರಡನೇ ಮಹಾಯುದ್ಧಕ್ಕೆ ಮುಂಚೆ ರೇಸಲ್ಲಿ ಹೆಸರು ಮಾಡಿದ್ದವನು, ಈಗ ಹೋದ ಹೆಸರನ್ನು ವಾಪಸ್ ತಗೊಳ್ಳಬೇಕು ಅಂತ ಹಠ ಹಿಡಿದಿದ್ದಾನೆ. ಹೆಂಡತಿ ಪ್ಯಾಟ್‌ಗೆ ಅದು ಸುತರಾಂ ಇಷ್ಟ ಇಲ್ಲ. ಕಥೆ ಇಷ್ಟೇ, ಹೊಸದೇನಿಲ್ಲ.

ಆದರೆ ಆ ಟ್ರ್ಯಾಕ್ ಇದೆಯಲ್ಲ ಮಾರಾಯ! ರೇಸ್ ಶೂಟಿಂಗ್ ನಡೆದದ್ದು ಇಂಗ್ಲೆಂಡಿನ ಗುಡ್‌ವುಡ್ ಟ್ರ್ಯಾಕಿನಲ್ಲಿ. ಯುದ್ಧದ ಕಾಲದಲ್ಲಿ ಅದು ವಾಯುಪಡೆಯ ವಿಮಾನ ನಿಲ್ದಾಣ. ವಿಮಾನ ಹೋದ ಮೇಲೆ ಮೈದಾನದ ಸುತ್ತ ಇದ್ದ ರಸ್ತೆಯಲ್ಲೇ 1948ರಿಂದ ಕಾರು ಓಡಿಸೋಕೆ ಶುರುಮಾಡಿದರು. ಅಲ್ಲಿನ ಸಿಲ್ವರ್‌ಸ್ಟೋನ್ ಟ್ರ್ಯಾಕ್ ಕೂಡ ಹಾಗೇ ಹುಟ್ಟಿದ್ದು. ಯುದ್ಧಕ್ಕೆ ಮುಂಚಿನ ದೊಡ್ಡ ಟ್ರ್ಯಾಕು ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮತ್ತೆ ರೇಸ್ ನಡೆಯಲೇ ಇಲ್ಲ. ಸೆಟ್ ಹಾಕೋಕೆ ದುಡ್ಡಿಲ್ಲದವರು ನಿಜವಾದ ಜಾಗಕ್ಕೇ ಹೋದರು, ನಿಜವಾದ ಡ್ರೈವರುಗಳನ್ನೇ ನಿಲ್ಲಿಸಿದರು. ಸ್ಟರ್ಲಿಂಗ್ ಮಾಸ್, ರೆಗ್ ಪಾರ್ನೆಲ್ ತಾವು ತಾವಾಗಿಯೇ ಬರುತ್ತಾರೆ! ಆಗ ಮಾಸ್ ಇನ್ನೂ ಇಪ್ಪತ್ತೈದರ ಆಸುಪಾಸಿನ ಹುಡುಗ.

ಕಾಂಟೆಯನ್ನು ಹತ್ತಿರದಿಂದ ತೋರಿಸುವಾಗ ಮಾತ್ರ ನಮ್ಮ ಹಳೇ ಸಿನಿಮಾಗಳ ಕಾರು ಸೀನ್ ಥರಾನೇ, ಕಾರು ನಿಂತಲ್ಲೇ ಇರುತ್ತೆ, ಹಿಂದೆ ಪರದೆ ಮೇಲೆ ರಸ್ತೆ ಓಡುತ್ತೆ. ಅದನ್ನು ಬಿಡು. ದೂರದ ಶಾಟ್‌ಗಳನ್ನು ನೋಡು. ಎಂಜಿನ್ ಮುಂದೆ, ಆಳು ಹಿಂದೆ, ಎದೆಯಿಂದ ಮೇಲೆಲ್ಲ ಕಾರಿನ ಹೊರಗೇ ಕಾಣುತ್ತಾನೆ, ಸ್ಟೀರಿಂಗ್ ಜೊತೆ ಭುಜ, ಮೊಣಕೈ ಎಲ್ಲ ಒದ್ದಾಡುತ್ತಿರುತ್ತೆ. ಸೀಟ್ ಬೆಲ್ಟ್ ಇಲ್ಲ. ಈಗಿನ ಫಾರ್ಮುಲಾ ಒನ್‌ನಲ್ಲಿ ಹೆಲ್ಮೆಟ್ ಬಿಟ್ಟು ಮನುಷ್ಯ ಎಲ್ಲಿ ಕಾಣ್ತಾನೆ ಹೇಳು? ಆ ಒದ್ದಾಟ ನೋಡಿದರೆ ಸಾಕು, ಪ್ಯಾಟ್ ಯಾಕೆ ಅಷ್ಟು ಹೆದರುತ್ತಾಳೆ ಅಂತ ಅರ್ಥವಾಗುತ್ತೆ, ಅವಳ ಡೈಲಾಗೇ ಬೇಡ.

ಇನ್ನೊಂದು ವಿಷಯ. ಇದೇ ಗುಡ್‌ವುಡ್‌ನಲ್ಲಿ 1962ರಲ್ಲಿ ಮಾಸ್‌ನ ಕಾರು ಅಪ್ಪಳಿಸಿತು. ಒಂದು ತಿಂಗಳು ಅವನಿಗೆ ಪ್ರಜ್ಞೆ ಇರಲಿಲ್ಲ. ಬದುಕಿಕೊಂಡ, ಆದರೆ ದೊಡ್ಡ ಗ್ರ್ಯಾಂಡ್ ಪ್ರಿ ರೇಸುಗಳಲ್ಲಿ ಅವನ ಓಟ ಅಲ್ಲಿಗೇ ಮುಗಿಯಿತು. ಇದು ಗೊತ್ತಿದ್ದು ಸಿನಿಮಾದಲ್ಲಿ ಅವನ ಮುಖ ನೋಡೋದು ನನಗೆ ಕಷ್ಟ ಆಯಿತು.

ಈ ವಾರವೇ ನೋಡಿ ಬರೆ. ನೀನು ಪೀಟರ್ ಕಡೆನೋ ಪ್ಯಾಟ್ ಕಡೆನೋ ಅಂತ ತಿಳೀಬೇಕು. ನಾನಂತೂ ಪ್ಯಾಟ್ ಕಡೆ.

ನಿನ್ನ ಗೆಳೆಯ