ಗಾಳದ ಜಾಗ ಹೇಳಿದಿರಿ, ಭರತದ ಹೊತ್ತು ಹೇಳಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕರಾವಳಿಯಲ್ಲಿ ಗಾಳ ಹಾಕಲು ಒಳ್ಳೆಯ ಜಾಗಗಳು ಅಂತ ಒಂದು ಪಟ್ಟಿ ಹಾಕಿದ್ದಿರಿ. ಫೋಟೊ ಚೆನ್ನಾಗಿತ್ತು. ಗಂಗೊಳ್ಳಿ, ಮರವಂತೆ, ಕೋಡಿಬೇಂಗ್ರೆ, ಸಸಿಹಿತ್ಲು ಎಲ್ಲ ಹೆಸರೂ ಇತ್ತು. ಆದರೆ ಭರತ (ಕಡಲ ನೀರು ಏರುವುದು), ಇಳಿತ (ನೀರು ಇಳಿಯುವುದು) ನೋಡಿ ಯಾವ ಹೊತ್ತಿಗೆ ಹೋಗಬೇಕು ಅಂತ ಒಂದು ಸಾಲೂ ಇರಲಿಲ್ಲ. ಇದು ಬಸ್ಸಿನ ನಂಬರ್ ಹೇಳಿ ಟೈಮ್ ಹೇಳದೆ ಬಿಟ್ಟ ಹಾಗಾಯಿತು, ಅಲ್ವಾ?

ನಾನು ಮೀನುಗಾರ ಅಲ್ಲ. ಕುಂದಾಪುರದ ಕಡೆ ಒಂದು ಸಣ್ಣ ಅಂಗಡಿ ಇದೆ, ಭಾನುವಾರ ಬಾಗಿಲು ಹಾಕಿ ಗಾಳ ಹಿಡಿದು ಹೊರಡುವ ಚಟ. ಚಿಕ್ಕವನಿದ್ದಾಗ ಪಕ್ಕದ ಮನೆಯ ಅಜ್ಜರೊಬ್ಬರ ಹಿಂದೆ ಸುತ್ತುತ್ತಿದ್ದೆ. ಅವರು ಕಡಲ ದಂಡೆಗೆ ಹೋದ ಕೂಡಲೇ ಗಾಳ ಬಿಚ್ಚುತ್ತಿರಲಿಲ್ಲ. ಒಂದು ಬೀಡಿ ಮುಗಿಯುವ ತನಕ ಸುಮ್ನೆ ಕೂತು ಅಲೆ ನೋಡುತ್ತಿದ್ದರು. ನನಗೆ ಅವಸರ. 'ಮೊದ್ಲ್ ನೀರ್ ಕಾಣ್ ಮಾಣಿ, ಗಾಳ ಕಡಿಗ್ ಹಾಕ್ಲಕ್ಕ್' ಅನ್ನುತ್ತಿದ್ದರು. ಅವರು ಏನು ನೋಡುತ್ತಿದ್ದರು ಅಂತ ಅರ್ಥವಾಗಲು ನನಗೆ ಹತ್ತು ವರ್ಷ ಬೇಕಾಯಿತು.

ಮರಳ ದಂಡೆಯಲ್ಲಿ ನಿಂತು ನೋಡಿ. ಒಂದು ಕಡೆ ಅಲೆ ಒಡೆದು ಬಿಳಿ ನೊರೆ ಏಳುತ್ತಿರುತ್ತದೆ, ಅಲ್ಲಿ ನೀರು ಕಮ್ಮಿ, ಕೆಳಗೆ ಮರಳ ದಿಣ್ಣೆ ಇದೆ. ಅದರ ಪಕ್ಕದಲ್ಲೇ ಅಲೆ ಒಡೆಯದೆ ನೀರು ಕಪ್ಪಗೆ, ಸಮಾಧಾನವಾಗಿ ಕಾಣುತ್ತದೆ. ಅದು ಆಳದ ಓಣಿ. ದಂಡೆಗೆ ಬಡಿದ ನೀರು ವಾಪಸ್ ಹೋಗುವ ದಾರಿಯೂ ಅದೇ, ಮೀನು ಓಡಾಡುವ ದಾರಿಯೂ ಅದೇ. ಗಾಳ ಬೀಳಬೇಕಾದ್ದು ಆ ಕಪ್ಪು ನೀರಿನ ಅಂಚಿಗೆ. ಆದರೆ ಇಲ್ಲೇ ಒಂದು ಮಾತು ಹೇಳಬೇಕು. ಬೇರೆ ಊರಿಂದ ಬಂದವರು 'ಇಲ್ಲಿ ಅಲೆ ಇಲ್ಲ' ಅಂತ ಮಕ್ಕಳನ್ನು ಕರೆದುಕೊಂಡು ಸ್ನಾನಕ್ಕೆ ಇಳಿಯುವುದೂ ಅದೇ ಓಣಿಗೆ. ಸೆಳೆತ ಇರುವುದು ಅಲ್ಲೇ. ಗಾಳಕ್ಕೆ ಒಳ್ಳೆಯ ಜಾಗ ಅಂದರೆ ಈಜಲು ಕೆಟ್ಟ ಜಾಗ ಅಂತಲೇ ತಿಳಿದುಕೊಳ್ಳಿ.

ಹೊಸ ಜಾಗಕ್ಕೆ ಹೋಗುವವರು ಮೊದಲ ದಿನ ಗಾಳ ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ನೀರು ಪೂರ್ತಿ ಇಳಿದಾಗ ಹೋಗಿ. ಎಲ್ಲಿ ಗುಂಡಿ, ಎಲ್ಲಿ ಬಂಡೆ, ಎಲ್ಲಿ ಹರಿದ ಬಲೆ ಸಿಕ್ಕಿಕೊಂಡಿದೆ ಎಲ್ಲ ಕಣ್ಣಿಗೆ ಬೀಳುತ್ತದೆ. ಮರುದಿನ ನೀರು ಏರುವಾಗ ಅದೇ ಗುಂಡಿಗೆ ಹಾಕಿ. ಬರೀ ಮರಳಿದ್ದರೆ ಕಾಣೆ ಮೀನು ಸಿಕ್ಕೀತು, ಬಂಡೆಯ ಸಂದಿಯಲ್ಲಿ ಮುರು, ಕೆಂಬೇರಿ. ಬಂಡೆಯ ಹತ್ತಿರ ಹಾಕಿದರೆ ತಂಗೂಸಿ (ಗಾಳದ ನೈಲಾನ್ ದಾರ) ತುಂಡಾಗುವುದೂ ಜಾಸ್ತಿ. ತುಂಡಾದದ್ದನ್ನು ದಯವಿಟ್ಟು ಅಲ್ಲೇ ಎಸೆದು ಬರಬೇಡಿ, ಬೀದಿ ನಾಯಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಅಳಿವೆ ಬಾಗಿಲಿನ ಲೆಕ್ಕ ಬೇರೆ. ನಮ್ಮ ಗಂಗೊಳ್ಳಿಯಲ್ಲಿ ಐದು ಹೊಳೆ ಸೇರಿ ಕಡಲಿಗೆ ಬೀಳುತ್ತದೆ. ಇಳಿತ ಶುರುವಾದಾಗ ಹೊಳೆಯ ನೀರಿನ ಜೊತೆ ಚಟ್ಲಿ (ಸಿಗಡಿ), ಸಣ್ಣ ಮೀನು ಎಲ್ಲ ಹೊರಗೆ ಬರುತ್ತದೆ, ದೊಡ್ಡ ಮೀನು ಅಂಚಿನಲ್ಲಿ ಕಾಯುತ್ತಿರುತ್ತದೆ. ಮಳೆ ಬಿಟ್ಟ ದಿನಗಳಲ್ಲಿ ಹೊಳೆಯ ಕೆಂಪು ನೀರಿಗೂ ಕಡಲ ಹಸಿರು ನೀರಿಗೂ ನಡುವೆ ಒಂದು ಗೆರೆ ಎಳೆದ ಹಾಗೆ ಕಾಣುತ್ತದೆ, ಆ ಗೆರೆಯ ಹತ್ತಿರ ಗಾಳ ಬಿದ್ದರೆ ಕೊಕ್ಕರ್ ಮೀನು ಎಳೆಯುವ ಎಳೆತಕ್ಕೆ ಕೈ ನೋಯುತ್ತದೆ. ಅದೇ ಜಾಗಕ್ಕೆ ನೀರು ಅಲುಗದೆ ನಿಂತ ಹೊತ್ತಲ್ಲಿ ಹೋಗಿ ನೋಡಿ, ಎರಡು ಗಂಟೆ ಕೂತರೂ ಸೊಳ್ಳೆ ಬಿಟ್ಟು ಏನೂ ಕಚ್ಚುವುದಿಲ್ಲ.

ಅದಕ್ಕೇ ಹೊತ್ತು ಮುಖ್ಯ ಅನ್ನುವುದು. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರಿನ ಓಟ ಜೋರು, ಅಷ್ಟಮಿ ನವಮಿಗೆ ನೀರು ಸತ್ತ ಹಾಗಿರುತ್ತದೆ. ಆ ಅಜ್ಜರು ಕ್ಯಾಲೆಂಡರಿನಲ್ಲಿ ತಿಥಿ ನೋಡಿಯೇ ಲೆಕ್ಕ ಹಾಕುತ್ತಿದ್ದರು. ನಮ್ಮ ಕಡೆ ದೊಡ್ಡ ಭರತಕ್ಕೂ ಇಳಿತಕ್ಕೂ ಒಂದೂವರೆ ಮೀಟರಿನಷ್ಟು ವ್ಯತ್ಯಾಸ. ಗುಜರಾತಿನ ಖಂಭಾತ್ ಕೊಲ್ಲಿಯ ಮುಂದೆ ಇದು ಏನೂ ಅಲ್ಲ. ಆದರೆ ಬಂಡೆಯಿಂದ ಇಳಿದು ವಾಪಸ್ ಬರಬೇಕಾದವನಿಗೆ ಒಂದೂವರೆ ಮೀಟರ್ ಅಂದರೆ ಕುತ್ತಿಗೆ ಹತ್ತಿರ.

ಅನುಭವದಿಂದಲೇ ಹೇಳುತ್ತಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಇಳಿತದಲ್ಲಿ ನಡೆದುಕೊಂಡೇ ಬಂಡೆ ಹತ್ತಿದ್ದೆ. ಎರಡು ಮುರು ಸಿಕ್ಕಿತು. ಆ ಖುಷಿಯಲ್ಲಿ ಹಿಂದೆ ತಿರುಗಿ ನೋಡಲೇ ಇಲ್ಲ. ನೋಡುವಾಗ ಬಂದ ದಾರಿ ಮುಳುಗಿತ್ತು. ಎದೆ ಮಟ್ಟದ ನೀರಲ್ಲಿ ಗಾಳದ ಕೋಲನ್ನು ತಲೆ ಮೇಲೆ ಹಿಡಿದು ದಡ ಸೇರಿದೆ. ಮೀನಿನ ಚೀಲ ಹೋಯಿತು, ಒಂದು ಚಪ್ಪಲಿಯೂ ಹೋಯಿತು. ಉಳಿದ ಒಂದು ಚಪ್ಪಲಿಯನ್ನು ಯಾಕೆ ತಂದಿರಿ ಅಂತ ಹೆಂಡತಿ ಇವತ್ತಿಗೂ ಕೇಳುತ್ತಾಳೆ.

ಇನ್ನು ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಮೀನಿನ ರೇಟು ಏರುತ್ತದೆ, ಆಗಲೇ ಗಾಳ ಹಿಡಿದು ಬ್ರೇಕ್‌ವಾಟರಿನ (ಅಲೆ ತಡೆಯಲು ಕಡಲಿಗೆ ಚಾಚಿ ಕಟ್ಟಿದ ತಡೆಗೋಡೆಯ) ತುದಿಗೆ ಓಡುವವರೂ ಜಾಸ್ತಿ. ಆ ನಾಲ್ಕು ಕಾಲಿನ ಕಾಂಕ್ರೀಟ್ ಕಲ್ಲುಗಳ ಮೇಲೆ ಪಾಚಿ, ನಡುವೆ ಆಳು ಇಳಿದು ಹೋಗುವಷ್ಟು ಸಂದು. ಒಳಗೆ ಬಿದ್ದವನನ್ನು ಎತ್ತುವುದು ಕಷ್ಟ. ನಿಮ್ಮ ಪಟ್ಟಿಯಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಹಾಗಾಗಿ ಒಂದು ಕೋರಿಕೆ. ನೀವು ದಿನಾ ಸೂರ್ಯೋದಯ, ಸೂರ್ಯಾಸ್ತ, ತಿಥಿ, ರಾಹುಕಾಲ ಎಲ್ಲ ಹಾಕುತ್ತೀರಿ. ಅದರ ಕೆಳಗೆ ಕಾರವಾರ, ಮಲ್ಪೆ, ಮಂಗಳೂರಿನ ಭರತ ಇಳಿತದ ಹೊತ್ತನ್ನೂ ಹಾಕಿ. ಸರ್ವೆ ಆಫ್ ಇಂಡಿಯಾದವರು ಭರತ ಇಳಿತದ ಪಟ್ಟಿಯನ್ನು ವರ್ಷಕ್ಕೆ ಮೊದಲೇ ಪ್ರಕಟಿಸುತ್ತಾರೆ. ದೊಡ್ಡ ಅಲೆ ಬರುವ ಸೂಚನೆ ಇದ್ದರೆ ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್ ಎಚ್ಚರಿಕೆ ಕೊಡುತ್ತದೆ, ಅಂಥ ದಿನ ಅದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಗಾಳದವರಿಗೆ ಮಾತ್ರ ಅಲ್ಲ, ಹೊಳೆಯಲ್ಲಿ ಚಿಪ್ಪು ಹೆಕ್ಕುವ ಹೆಂಗಸರಿಗೂ ಬೇಕು.

ಆ ಚೌಕದಲ್ಲಿ ಜಾಗ ಇಲ್ಲ ಅಂದರೆ ಗುಳಿಕ ಕಾಲವನ್ನು ಸ್ವಲ್ಪ ಆಚೆ ಸರಿಸಿ. ಗುಳಿಕ ಕಾಲ ನೋಡಿ ಗಾಳ ಹಾಕಿದವರನ್ನು ನಾನಂತೂ ಇನ್ನೂ ಕಂಡಿಲ್ಲ.

ಇಂತಿ,
ನಿಮ್ಮ ಓದುಗ, ಕುಂದಾಪುರ ತಾಲ್ಲೂಕು