ಅಮ್ಮನ ಸರ ಗಿರವಿ ಇಡಬೇಡಿ

ಟ್ಯಾಂಪೆರೆ, ಫಿನ್‌ಲೆಂಡ್

ತೀರ್ಥರೂಪು ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಅಮ್ಮ, ಅಜ್ಜಿ, ಪುಟ್ಟ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಕಾಗದ ತಲುಪಿತು. ಪುಟ್ಟನಿಗೆ ಟ್ಯಾಬ್ ಕೊಡಿಸಲು ಅಮ್ಮನ ಸರ ಗಿರವಿ ಇಡುವ ಮಾತು ಓದಿದ ಮೇಲೆ ನನಗೆ ಸಮಾಧಾನವೇ ಇಲ್ಲ. ದಯವಿಟ್ಟು ಇಡಬೇಡಿ. ಹೋದ ರೇಷ್ಮೆ ಬೆಳೆಯಲ್ಲಿ ಹುಳುಗಳಿಗೆ ಸುಣ್ಣಕಟ್ಟು ರೋಗ ಬಿದ್ದು, ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯಲು ಗೂಡೇ ಇರಲಿಲ್ಲವೆಂದು ಅದೇ ಕಾಗದದಲ್ಲಿ ಬರೆದಿದ್ದೀರಿ. ಅದರ ಮೇಲೆ ಬಡ್ಡಿಯ ಹೊರೆ ಬೇರೆ ಏಕೆ?

ಅಕ್ಕ ಅಲ್ಲಿ ಹಾಳೆಯನ್ನೇ ಮುಟ್ಟುವುದಿಲ್ಲವೆಂದು ಪುಟ್ಟ ಹೇಳಿದ್ದು ಹೆಚ್ಚು ಕಡಿಮೆ ನಿಜ. ಇಲ್ಲಿ ಪಾಠದ ಸ್ಲೈಡ್‌ಗಳನ್ನು ಮೊದಲೇ ಕಳಿಸಿಬಿಡುತ್ತಾರೆ. ಟ್ಯಾಬ್‌ನಲ್ಲಿ ಅವುಗಳ ಮೇಲೆಯೇ ಪೆನ್ನಿನಿಂದ ಬರೆದುಕೊಳ್ಳುತ್ತೇನೆ. ಎಂದೋ ಬರೆದದ್ದು ಬೇಕಾದರೆ ಒಂದು ಪದ ಕೊಟ್ಟರೆ ಸಾಕು, ಆ ಪುಟ ಎದುರಿಗೆ ಬರುತ್ತದೆ. ಕೆಲವು ಪರೀಕ್ಷೆಗಳಿಗೆ ದಿನ, ಗಂಟೆಯನ್ನು ನಾವೇ ಗೊತ್ತುಮಾಡಿಕೊಂಡು, ಕ್ಯಾಮೆರಾ ಇರುವ ಕೊಠಡಿಗೆ ಹೋಗಿ ಕಂಪ್ಯೂಟರಿನಲ್ಲಿ ಉತ್ತರಿಸಿ ಬರುತ್ತೇವೆ. ನೀವು ನಂಬುವುದು ಕಷ್ಟ! ಇಲ್ಲಿ ನಮ್ಮ ಪಿಯುಸಿಗೆ ಸಮನಾದ ಪರೀಕ್ಷೆಯೂ 2019ರಿಂದ ಎಲ್ಲ ವಿಷಯಗಳಲ್ಲಿ ಕಂಪ್ಯೂಟರಿನಲ್ಲೇ ನಡೆಯುತ್ತಿದೆ. ಮಕ್ಕಳು ತಮ್ಮ ಲ್ಯಾಪ್‌ಟಾಪನ್ನೇ ತರುತ್ತಾರೆ. ಪೆನ್ ಡ್ರೈವ್ ಸಿಕ್ಕಿಸಿ ಅದನ್ನು ಚಾಲೂ ಮಾಡಿದರೆ ಪರೀಕ್ಷೆಯ ವ್ಯವಸ್ಥೆಯಷ್ಟೇ ತೆರೆದುಕೊಳ್ಳುತ್ತದೆ. ಒಳಗೆ ಅವರು ಇಟ್ಟುಕೊಂಡ ನೋಟ್ಸ್ ಒಂದೂ ಕೈಗೆ ಸಿಗುವುದಿಲ್ಲ. ಎಷ್ಟು ಅಚ್ಚುಕಟ್ಟು ನೋಡಿ.

ಆದರೆ ಪುಟ್ಟ ಬರೆಯುವುದು ಈ ಪರೀಕ್ಷೆಯನ್ನಲ್ಲವಲ್ಲ ಅಪ್ಪ. ದ್ವಿತೀಯ ಪಿಯುಸಿಗೆ ಗಂಟೆಗಟ್ಟಲೆ ಪೆನ್ನು ಹಿಡಿದು ಕೂರಬೇಕು. ಸಿಇಟಿಯ ಓಎಂಆರ್ ಹಾಳೆಯಲ್ಲೂ ವೃತ್ತಗಳನ್ನು ಪೆನ್ನಿನಿಂದಲೇ ತುಂಬಬೇಕು. ಅವನ ಕೈ ನನಗೆ ಗೊತ್ತು. ಎರಡು ಪುಟ ದಾಟುವಷ್ಟರಲ್ಲಿ ಅಕ್ಷರ ಬಲಕ್ಕೆ ವಾಲುತ್ತದೆ, ಒತ್ತಿ ಬರೆದು ಕೆಳಗಿನ ಹಾಳೆಯಲ್ಲೂ ಗೀರು ಮೂಡುತ್ತದೆ, ಬೆರಳು ನೋಯುತ್ತದೆ. ಈಗ ಬರೆಯುವುದನ್ನು ಬಿಟ್ಟರೆ ಪರೀಕ್ಷೆಯ ದಿನ ಆ ಕೈ ಸೋತುಬಿಡುತ್ತದೆ. ಮಸೂರದ ಕಿರಣಚಿತ್ರವನ್ನು ಸ್ಕೇಲು, ಪೆನ್ಸಿಲ್ ಹಿಡಿದು ಬರೆದೇ ಕಲಿಯಬೇಕು.

ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಕೊಂಡವರು ಪಾಠದ ಮಾತನ್ನು ಇದ್ದಹಾಗೇ ಇಳಿಸಿಕೊಂಡರು, ಕೈಯಲ್ಲಿ ಬರೆದುಕೊಂಡವರಿಗೆ ವಿಷಯ ಹೆಚ್ಚು ಅರ್ಥವಾಯಿತು ಎಂದು 2014ರಲ್ಲಿ ಅಮೆರಿಕದ ಸಂಶೋಧಕರಿಬ್ಬರು ಬರೆದಿದ್ದರು. 2019ರಲ್ಲಿ ಬೇರೆಯವರು ಪರೀಕ್ಷಿಸಿದಾಗ ಅಷ್ಟೊಂದು ವ್ಯತ್ಯಾಸ ಕಾಣಲಿಲ್ಲ. ನನಗಂತೂ, ಯಾವುದರಲ್ಲಿ ಬರೆದರೂ ಸ್ವಂತ ಮಾತಿನಲ್ಲಿ ಬರೆದದ್ದೇ ತಲೆಯಲ್ಲಿ ನಿಲ್ಲುತ್ತದೆ. ಅದಕ್ಕೆ ಟ್ಯಾಬ್ ಬೇಕಿಲ್ಲ.

ಪುಟ್ಟನಿಗೆ ಹೇಳಿ: ನೋಟ್‌ಬುಕ್‌ನಲ್ಲೇ ಬರೆಯಲಿ. ಪ್ರತಿ ಅಧ್ಯಾಯ ಮುಗಿದ ಮೇಲೆ ನಿಮ್ಮ ಮೊಬೈಲಿನಲ್ಲಿ ಪುಟಗಳನ್ನು ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಲಿ. 15 ಜಿಬಿ ಜಾಗ ಉಚಿತ, ಅವನಿಗೆ ಧಾರಾಳವಾಯಿತು. ಹುಳುಮನೆಗೆ ಸೊಪ್ಪು ಹಾಕಲು ಬಂದಾಗಲೂ ತೆಗೆದು ಓದಬಹುದು. ನನ್ನ ಭೌತಶಾಸ್ತ್ರದ ಪುಸ್ತಕಗಳು ಅಟ್ಟದ ಮೇಲಿನ ಟ್ರಂಕಿನಲ್ಲಿವೆ, ಅವನಿಗೇ ಕೊಡಿ. ಅವನು ಮುನಿಸಿಕೊಂಡರೆ ನನಗೆ ಫೋನ್ ಮಾಡಿಸಿ, ನಾನು ಮಾತಾಡುತ್ತೇನೆ. ಪರೀಕ್ಷೆ ಮುಗಿದು ಕಾಲೇಜು ಸೇರಲಿ, ಟ್ಯಾಬ್ ನಾನೇ ತರುತ್ತೇನೆ. ಇದು ನನ್ನ ಮಾತು.

ಕಂಪ್ಯೂಟರ್ ಕೆಟ್ಟರೆ ನಾನು ಬರೆದದ್ದೆಲ್ಲ ಹಾಳಾಗುವುದಿಲ್ಲವೇ ಎಂದು ಕೇಳಿದ್ದೀರಿ. ಇಲ್ಲ ಅಪ್ಪ, ಎರಡು ಕಡೆ ಪ್ರತಿ ಇದೆ. ಕಣ್ಣು ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ, ಮೂರೂವರೆಗೆ ಕತ್ತಲಾಗುವುದೂ ರೂಢಿಯಾಗಿದೆ. ವಿದ್ಯಾರ್ಥಿಗಳ ಊಟಕ್ಕೆ ಇಲ್ಲಿನ ಸರ್ಕಾರವೇ ಸಹಾಯಧನ ಕೊಡುವುದರಿಂದ ಖರ್ಚೂ ಹೆಚ್ಚಿಲ್ಲ. ಅಮ್ಮ ಸುಮ್ಮನೆ ಚಿಂತೆ ಹಚ್ಚಿಕೊಳ್ಳುವುದು ಬೇಡ.

ಲ್ಯಾಬಿಗೆ ಹೊತ್ತಾಯಿತು. ಸರ ಪೆಟ್ಟಿಗೆಯಲ್ಲೇ ಇದೆಯೆಂದು ಅಮ್ಮನಿಂದ ಎರಡು ಸಾಲು ಬರೆಸಿ. ಅಜ್ಜಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು